ಬಿಡು ಅಂದರೆ ಏನನ್ನು ಬಿಡುವುದು

ಇಸ್ತ್ರಿ ಅಕ್ಕ ಆ ಬೆಳಿಗ್ಗೆ ಒಂದು ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಪೂರ್ತಿ ಅಚ್ಚು ಬೀಳಿಸಿದಳು. ಹೋಟೆಲಿನ ಲಾಂಡ್ರಿಯಲ್ಲಿ ವರ್ಷಗಟ್ಟಲೆ ನಿಂತೇ ದುಡಿದವಳು. ಹಬೆಗೆ ಕೈ ಬೆಂದದ್ದುಂಟು, ಬಟ್ಟೆ ಬೆಂದದ್ದಿಲ್ಲ. ಪಕ್ಕದ ಮೇಜಿನಲ್ಲಿ ಚಾದರ ಮಡಚುತ್ತಿದ್ದ ಗೆಳತಿ ಮೂಗು ಅರಳಿಸಿ, "ಏನಕ್ಕಾ, ಅಂಗೀನ ಹುರೀತಿದ್ದೀಯಾ, ಸುಡ್ತಿದ್ದೀಯಾ?" ಎಂದಳು.

ಅಕ್ಕನಿಗೆ ನಗು ಬರಲಿಲ್ಲ. ಆ ಸಂಜೆ ಅವಳ ಮಗಳು ಎರಡೂ ಕಾಲು ಬಿಡುವವಳಿದ್ದಳು.

ಆ ಆಟ ಕಾಣದವರಿಗೆ ಒಂದು ಮಾತು ಹೇಳಬೇಕು. ಒಂಟಿಗಾಲಿ ಎಂದರೆ ಒಂದೇ ಚಕ್ರದ ಸೈಕಲ್ಲು. ಮೇಲೊಂದು ಸೀಟು, ಕೆಳಗೆರಡು ಪೆಡಲು, ಅಷ್ಟೇ. ಹಿಡಿಯಲು ಹ್ಯಾಂಡಲ್ ಇಲ್ಲ, ನಿಲ್ಲಿಸಲು ಬ್ರೇಕ್ ಇಲ್ಲ. ಪೆಡಲು ಚಕ್ರಕ್ಕೇ ಕಚ್ಚಿಕೊಂಡಿರುವುದರಿಂದ ಚಕ್ರ ಉರುಳುವಷ್ಟು ಹೊತ್ತೂ ಅವು ತಿರುಗುತ್ತಲೇ ಇರುತ್ತವೆ. ಮುಂದೆ ವಾಲಿದರೆ ಒತ್ತಬೇಕು, ಹಿಂದೆ ವಾಲಿದರೆ ತಡೆಯಬೇಕು. ಬದುಕಿ ಉಳಿಯುವುದೆಲ್ಲ ಕಾಲಿನಿಂದಲೇ. ಆ ಕಾಲುಗಳನ್ನೇ ಪೆಡಲಿನಿಂದ ಎತ್ತಿ ಗಾಳಿಯಲ್ಲಿ ಚಾಚಿಕೊಂಡು, ಬರೀ ಬೆನ್ನುಹುರಿಯನ್ನು ನಂಬಿ ಉರುಳುವುದಕ್ಕೆ ಅವರು ಆಟ ಕಲಿಯುವ ಶೆಡ್ಡಿನಲ್ಲಿ 'ಬಿಡೋದು' ಎನ್ನುತ್ತಿದ್ದರು. ಕೆಳಗೆ ಪೆಡಲುಗಳು ಬೀಸುವ ಕತ್ತಿಯ ಹಾಗೆ ಸುತ್ತುತ್ತಿರುತ್ತವೆ. ಮತ್ತೆ ಕಾಲಿಡಲು ಹೋದರೆ ಮೀನಖಂಡಕ್ಕೆ ಏಟು, ಇಡದಿದ್ದರೆ ದೇವರೇ ಗತಿ.

ಅಕ್ಕ ಈ ಆಟಕ್ಕೆ ಬಂದದ್ದು ಬೆಂಚಿನ ದಾರಿಯಿಂದ. ಮಗಳು ಚೂಟಿ ಚಿಕ್ಕವಳಿದ್ದಾಗ ಕೆಲಸ ಮುಗಿಸಿ ಅವಳನ್ನು ಆ ಹಳೇ ಗೋದಾಮಿನ ಶೆಡ್ಡಿಗೆ ಕರೆತಂದು, ಗೋಡೆಯ ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದಳು. ಕಲಿಸುವ ಮೇಷ್ಟ್ರು ಹಗಲು ಬಸ್ಸಿನ ಮೈಗೆ ಬಣ್ಣ ಹೊಡೆಯುವವರು, ಬಾಯಿ ಮಾತ್ರ ಬಣ್ಣ ಬಳಿಯದ್ದು. ಒಂದು ದಿನ, "ಬೆಂಚು ಸವೆಸಿದ್ದು ಸಾಕಮ್ಮ, ಹತ್ತಿ ನೋಡಿ," ಎಂದರು. ಅಕ್ಕ ಹತ್ತಿದಳು. ತಿಂಗಳುಗಟ್ಟಲೆ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡೇ ಹೋದಳು. ಗೋಡೆ ಬಿಟ್ಟ ವಾರವೇ ಹಿಂದಕ್ಕೆ ಬಿದ್ದಳು. ಬೆನ್ನಿನ ತುದಿಮೂಳೆ ನೆಲಕ್ಕೆ ಹೊಡೆದ ಆ ಸದ್ದು ಅವಳಿಗೆ ಹೊರಗಿನಿಂದ ಕೇಳಲಿಲ್ಲ, ತಲೆಯೊಳಗಿನಿಂದ ಕೇಳಿತು. ಎಷ್ಟೋ ದಿನ ಕೂರಲಾರದೆ, ನಿಂತು ಇಸ್ತ್ರಿ ಮಾಡುವ ಕೆಲಸ ಸಿಕ್ಕಿದ್ದಕ್ಕೆ ಪುಣ್ಯ ಎಂದುಕೊಂಡಳು. ಆಮೇಲೆ ಮತ್ತೆ ಹತ್ತಿದಳು. ಸದ್ದು ಮಾತ್ರ ಒಳಗೇ ಉಳಿಯಿತು.

ಬಸ್ಸು ಓಡಿಸುವ ಗಂಡ ಊಟದ ತಟ್ಟೆಯ ಮುಂದೆ ಕೂತು ಹೇಳುವುದೊಂದೇ: "ಆರು ಚಕ್ರ ಇಟ್ಕೊಂಡೇ ನನಗೆ ಎದೆ ಢವಢವ ಅನ್ನತ್ತೆ. ನೀವಿಬ್ರು ಒಂದೊಂದರ ಮೇಲೆ ಹೊರಟಿದ್ದೀರಲ್ಲ, ಮಿಕ್ಕಿದ್ದನ್ನ ಯಾರಿಗೆ ದಾನ ಕೊಟ್ರಿ?"

ತಾಯಿಮಗಳು ಈಗ ಜೋಡಿಯಾಗಿ ಆಡುತ್ತಿದ್ದರು. ಯಾವುದು ಕಷ್ಟ, ಯಾವುದು ಸುಲಭ ಎಂಬ ಜಗಳ ಆ ಶೆಡ್ಡಿನಲ್ಲಿ ಎಂದೂ ಮುಗಿದದ್ದಿಲ್ಲ. ಕಲಿಯಲು ಹಿಡಿಯುವ ಕಾಲ ನೋಡಬೇಕು ಎನ್ನುವುದು ಮೇಷ್ಟ್ರ ಲೆಕ್ಕ: ನಿಂತಲ್ಲೇ ಹಿಂದೆಮುಂದೆ ತೂಗುವ 'ತೊಟ್ಟಿಲು' ಸುಲಭ, ಒಂದೇ ಕಾಲಲ್ಲಿ ತುಳಿಯುವ 'ಕುಂಟು' ಅದಕ್ಕಿಂತ ಕಷ್ಟ, ನಿಂತಲ್ಲೇ ಗಿರ್ರನೆ ಸುತ್ತುವ 'ಬುಗುರಿ' ಇನ್ನೂ ಕಷ್ಟ. ಜನ ಎಲ್ಲಿ ಉಸಿರು ಬಿಗಿ ಹಿಡಿಯುತ್ತಾರೋ ಅದೇ ಕಷ್ಟ ಎನ್ನುವುದು ಚೂಟಿಯದು. ಅಕ್ಕ ಅಳೆಯುತ್ತಿದ್ದದ್ದು ಬೀಳುವುದರಿಂದ. "ಮೇಲಕ್ಕೆ ಹಾರಿ, ಗಾಳೀಲಿದ್ದಾಗ್ಲೇ ಗಾಲೀನ ಕೆಳಗೆ ಸುತ್ತಿಸ್ತೀರಲ್ಲ, ನೋಡಕ್ಕೆ ಜೀವ ಹೋಗತ್ತೆ. ತಪ್ಪಿದ್ರೆ ಎಲ್ಲಿ ಬೀಳ್ತೀರಿ? ಕಾಲ ಮೇಲೇ. ಬುಗುರಿ ತಪ್ಪಿದ್ರೆ ಮೊಣಕೈ. ಬಿಡೋದು ತಪ್ಪಿದ್ರೆ ತಲೆ," ಎನ್ನುವಳು. "ಅಮ್ಮಂದು ಆಸ್ಪತ್ರೆ ಲೆಕ್ಕ!" ಎಂದು ಚೂಟಿ ಕುಣಿಯುವಳು.

ಈ ಜಗಳ ಹರಟೆಯಾಗಿದ್ದಷ್ಟು ದಿನ ಯಾರ ಮೂಳೆಯೂ ಮುರಿಯಲಿಲ್ಲ. ಆ ವರ್ಷ ಸ್ಪರ್ಧೆಯಲ್ಲಿ ಅಂಕ ಹಾಕುವವರು ಅದರ ನಡುವೆ ತಲೆ ಹಾಕಿದರು. ಒಂದು ಕಾಲನ್ನು ಚಕ್ರದ ಮೇಲೆ ಉಜ್ಜಿ ವೇಗ ತಡೆಯುತ್ತ ಉರುಳುವುದಕ್ಕಿಂತ, ಎರಡೂ ಕಾಲು ಬಿಟ್ಟು ಉರುಳುವುದಕ್ಕೆ ದುಪ್ಪಟ್ಟು ಅಂಕ ಎಂದರು. ದೂರ ಹೆಚ್ಚಿದಷ್ಟೂ ಅಂಕವೂ ಹೆಚ್ಚು. ಕಷ್ಟಕ್ಕೆ ಬೆಲೆ ಕಟ್ಟಿದ್ದೇವೆ ಎಂದು ಅವರು ತಿಳಿದರು. ಕಟ್ಟಿದ್ದು ಭಯಕ್ಕೆ. ಕುರ್ಚಿಯ ನಾಲ್ಕು ಕಾಲಿನ ಮೇಲೆ ಕೂತು, ಮಕ್ಕಳು ಇದ್ದೆರಡು ಕಾಲನ್ನೂ ಎತ್ತಿದರೆ ಬಹುಮಾನ ಎನ್ನುವವರಿಗೆ ಏನೆನ್ನಬೇಕು? ಯಾವ ಮಗುವಿಗೂ ಅವರು ಬಿಡು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅಂಕ ಹೇಳುತ್ತದೆ.

ತಿಂಗಳಿಂದ ಅಭ್ಯಾಸ ನಡೆದಿತ್ತು. ಅಕ್ಕ ತನ್ನ ಗಾಲಿಯ ಮೇಲೆ ಪಕ್ಕದಲ್ಲೇ ಬರುತ್ತ ಮಗಳ ಕೈ ಹಿಡಿದು ವೇಗ ಕೊಡುವುದು, ಮಗಳ ಬೆನ್ನು ನೆಟ್ಟಗಾದದ್ದು ನೋಡಿ "ಬಿಡು" ಎನ್ನುವುದು, ಚೂಟಿ ಕಾಲು ಎತ್ತುವುದು. ಕೈ ಹಿಡಿದುಕೊಂಡೇ ಮಾಡಿದ್ದರು. ಕೈಯನ್ನೂ ಬಿಟ್ಟು ಒಮ್ಮೆಯೂ ಮಾಡಿರಲಿಲ್ಲ. ಮಾರನೆಯ ದಿನವೇ ಸ್ಪರ್ಧೆ, ಆ ಸಂಜೆ ಮಾಡಲೇಬೇಕಿತ್ತು. ಅಂಕದ ಸಾಹೇಬರೊಬ್ಬರು ನೋಡಲು ಬಂದು ಬೆಂಚಿನ ಮೇಲೆ ಕೂತಿದ್ದರು.

ಅಕ್ಕ ಗಾಲಿ ಹತ್ತುವಾಗ ಅಂಗೈ ಒದ್ದೆ. ಸೆರಗಿನಲ್ಲಿ ಒರೆಸೋಣವೆಂದರೆ ತೊಟ್ಟದ್ದು ಪ್ಯಾಂಟು; ಅಂಗಿಗೆ ಒರೆಸಿದಳು, ಮತ್ತೆ ಒದ್ದೆ.

"ಅಮ್ಮಾ, ಕೈ ಜಾರ್ತಿದೆ."

"ನಿಂದೇ ಕಣೇ ಬೆವ್ರು."

"ನಂದಲ್ಲ, ನಿಂದು."

ಹೊರಟರು. ಸಿಮೆಂಟು ನೆಲದ ಮೇಲೆ ಎರಡು ಟೈರುಗಳ ಸುರ್‍ರೆಂಬ ಸದ್ದು. ವೇಗ ಏರಿತು. ಶೆಡ್ಡಿನ ನಡುವಿನ ಕಂಬ ದಾಟುವಾಗ ಚೂಟಿ ಕೈ ಕೊಸರಿಕೊಂಡಳು. ಅಕ್ಕ ಪಕ್ಕಕ್ಕೆ ನೋಡಿದಳು. ಮಗಳ ಭುಜ ಹಿಂದಕ್ಕೆ ವಾಲಿತ್ತು. ಕೂದಲೆಳೆಯಷ್ಟೇ. ತಾನು ಬಿದ್ದ ದಿನ ತನ್ನ ಭುಜವೂ ಅಷ್ಟೇ ವಾಲಿತ್ತು. ಬೆನ್ನ ತುದಿಯಿಂದ ಆ ಹಳೇ ಸದ್ದು ಮೇಲೆದ್ದು ಗಂಟಲಿಗೆ ಬಂತು.

"ಬಿಡು! ಬಿಡು!" ಎಂದು ಅಕ್ಕ ಕಿರುಚಿದಳು.

ಬೇಡ, ಇದನ್ನು ಇಲ್ಲಿಗೇ ಬಿಡು, ಇಳಿದುಬಿಡು ಎಂದು ಅವಳು ಹೇಳಿದ್ದು. ಮನೆಯಲ್ಲಿ ಹಟ ಬಿಡು, ಮೊಬೈಲ್ ಬಿಡು ಎನ್ನುವ ಅದೇ ಬಾಯಿ, ಅದೇ ಮಾತು. ತಿಂಗಳಿಂದ ಪಳಗಿದ್ದ ಮಗಳ ಕಾಲುಗಳಿಗೆ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಎರಡೂ ಒಟ್ಟಿಗೆ ಮೇಲೆದ್ದವು.

ಅಕ್ಕನ ಗಾಲಿ ಎಲ್ಲೋ ಹೋಯಿತು, ಅವಳು ಮಂಡಿಯೂರಿ ಬಿದ್ದಳು. ಕಣ್ಣು ಮುಚ್ಚಿಕೊಳ್ಳಬೇಕೆಂದರೂ ರೆಪ್ಪೆ ಇಳಿಯಲಿಲ್ಲ. ಚೂಟಿ ಹೋಗುತ್ತಲೇ ಇದ್ದಳು. ಕಾಲು ಚಾಚಿ, ಕೈ ಅಗಲಿಸಿ, ಕೆಳಗೆ ಪೆಡಲುಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತ. ಎದುರು ಗೋಡೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಚೂಟಿ ಮುಂದಕ್ಕೆ ಜಿಗಿದು, ಓಡಿ, ಎರಡೂ ಅಂಗೈಯಿಂದ ಗೋಡೆಗೆ ಬಡಿದು ನಿಂತಳು.

ಶೆಡ್ಡು ಚಪ್ಪಾಳೆಯಿಂದ ಒಡೆಯಿತು. "ಏನು ಧೈರ್ಯ! ತಾಯಿನೇ ಬಿಡು ಅಂತಾರಲ್ಲ!" ಎಂದರು ಅಂಕದ ಸಾಹೇಬರು. ಮೇಷ್ಟ್ರು ಕುಣಿಯುವುದೊಂದು ಬಾಕಿ. "ನಾಳೆ ಇದೇ! ಇನ್ನಷ್ಟು ದೂರ!"

ಅಕ್ಕ ನೆಲಕ್ಕೆ ಕೈಯೂರಿ ಎದ್ದಳು. ಇನ್ನಷ್ಟು ದೂರ ಎಂಬ ಮಾತು ಕಿವಿಗೆ ಬಿದ್ದಾಗ ಬಂದ ಭಯ, ಮಗಳು ಉರುಳುವಾಗ ಬಂದದ್ದಕ್ಕಿಂತ ದೊಡ್ಡದು. ಬಿದ್ದಿದ್ದರೆ ಎಲ್ಲರೂ ಸಾಕು ಎನ್ನುತ್ತಿದ್ದರು. ಬೀಳಲಿಲ್ಲವಾದ್ದರಿಂದ ಇನ್ನು ಯಾರೂ ಸಾಕು ಎನ್ನುವುದಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಚೂಟಿ ಕೆಂಪಗಾದ ಅಂಗೈಗಳನ್ನು ನಲ್ಲಿಯ ಕೆಳಗೆ ಹಿಡಿದು ನಗುತ್ತಿದ್ದಳು. "ನಿಂಗೆ ಅಷ್ಟು ನಂಬಿಕೆ ಇತ್ತಾಮ್ಮ ನನ್ಮೇಲೆ? ಎಷ್ಟು ಜೋರಾಗಿ ಅಂದೆ!"

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗಳ ಕಣ್ಣಲ್ಲಿ ತಾನು ಧೈರ್ಯದ ತಾಯಿ ಎಂದು ಉಳಿಯುತ್ತಿದ್ದಳು. ಆದರೆ ನಾಳೆ ಆ ಕಾಲುಗಳು ಇದೇ ಸುಳ್ಳನ್ನು ನಂಬಿ ಮತ್ತೆ ಏಳುತ್ತವೆ.

"ನಾನು ಬಿಡು ಅಂದಿದ್ದು ಕಾಲನ್ನಲ್ಲ."

"ಮತ್ತೆ?"

"ಆಟಾನ. ಇಳೀ ಅಂತ ಅಂದೆ. ನೀನು ಹಿಂದಕ್ಕೆ ವಾಲಿದ್ದೆ. ಹೆದರಿಬಿಟ್ಟೆ ಕಣೇ, ಬಾಯಿಗೆ ಬೇರೆ ಮಾತೇ ಬರ್ಲಿಲ್ಲ."

ಚೂಟಿಯ ನಗು ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು. "ಅಂದ್ರೆ ಬೀಳ್ತೀನಿ ಅನ್ನಿಸಿತ್ತಾ ನಿಂಗೆ?"

"ಹೂಂ."

"ನಂಗೂ ಅನ್ನಿಸಿತ್ತು," ಎಂದಳು ಚೂಟಿ. ದನಿ ತೆಳ್ಳಗಾಗಿತ್ತು. "ಆಗಲ್ಲ, ಇಳಿದುಬಿಡ್ತೀನಿ ಅನ್ಕೊಂಡಿದ್ದೆ. ಅಷ್ಟ್ರಲ್ಲಿ ನೀನು ಬಿಡು ಅಂದೆ. ಅಮ್ಮ ನೋಡ್ತಿದ್ದಾಳೆ, ಅವ್ಳಿಗೆ ಗೊತ್ತಿರತ್ತೆ ಅಂತ…" ಮಾತು ಮುಗಿಸಲಾಗದೆ ಕೂತುಬಿಟ್ಟಳು. ಒದ್ದೆ ಕೈಗಳನ್ನು ಮಂಡಿಗಳ ಮೇಲೆ ಒತ್ತಿ ಹಿಡಿದಳು. ಅಕ್ಕ ಎದುರಿಗೆ ಕೂತು ಆ ಕೈಗಳ ಮೇಲೆ ತನ್ನ ಕೈ ಇಟ್ಟಳು. ಶೆಡ್ಡು ಕೊಂಡಾಡಿದ ಆ ಓಟವನ್ನು ಇಬ್ಬರಲ್ಲಿ ಒಬ್ಬರೂ ಬಯಸಿರಲಿಲ್ಲ.

ಹೊರಗೆ ಬಂದು ಚೂಟಿ ಮೇಷ್ಟ್ರಿಗೆ ಹೇಳಿದಳು: "ನಾಳೆ ಒಂದು ಕಾಲು ಚಕ್ರದ ಮೇಲಿಟ್ಟೇ ಮಾಡ್ತೀನಿ ಸರ್."

"ತಲೆ ಕೆಟ್ಟಿದ್ಯಾ? ಅದಕ್ಕೆ ಅರ್ಧ ಅಂಕ!"

"ಇವತ್ತು ಆಗಿದ್ದು ತಪ್ಪಿ ಆಗಿದ್ದು."

"ತಪ್ಪಿ ಆದ್ರೇನು, ಆಯ್ತಲ್ಲ! ಅಮ್ಮಾ, ನೀವಾದ್ರೂ ಹೇಳಿ."

"ನಾನು ಹೇಳಿದ್ದಕ್ಕೇ ಹೀಗಾಗಿದ್ದು ಮೇಷ್ಟ್ರೇ," ಎಂದಳು ಅಕ್ಕ. "ಇನ್ನು ಅವ್ಳು ಹೇಳ್ಲಿ, ನಾನು ಕೇಳ್ತೀನಿ."

ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಅಂಕದ ಸಾಹೇಬರು ಆಗಲೇ ಹೊರಟುಹೋಗಿದ್ದರು.

ಮಾರನೆಯ ದಿನ ತುಂಬಿದ ಸಭೆಯ ಮುಂದೆ ತಾಯಿಮಗಳು ಕೈ ಹಿಡಿದು ಹೊರಟರು. ಅಕ್ಕ ಈ ಸಲ ಬಿಡು ಎನ್ನಲಿಲ್ಲ. ಚೂಟಿ ತಾನಾಗಿಯೇ ಕೈ ಸಡಿಲಿಸಿ, ಒಂದು ಕಾಲೆತ್ತಿ, ಇನ್ನೊಂದರ ಶೂವನ್ನು ಟೈರಿಗೆ ಒತ್ತಿದಳು. ರಬ್ಬರು ರಬ್ಬರಿಗೆ ಉಜ್ಜುವ ಕಮಟು ಅಕ್ಕನ ಮೂಗಿಗೆ ಬಂತು. ಜನ ನಾಲ್ಕು ಚಪ್ಪಾಳೆ ತಟ್ಟಿ, ಮುಂದಿನವರು ಯಾರು ಎಂದು ಬಾಗಿಲ ಕಡೆ ತಿರುಗಿದರು. ಅಕ್ಕ ತಿರುಗಲಿಲ್ಲ. ಹೆದರಿಕೆ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಮಗಳ ಭುಜದಿಂದ ಕಣ್ಣು ಕೀಳದೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಆ ಚಕ್ರ ಪೂರ್ತಿ ನಿಲ್ಲುವವರೆಗೂ ಅವಳು ತುಳಿಯುತ್ತಲೇ ಹೋದಳು.