ಪೇರಲಕ್ಕೆ ಬೇರು ಹುಡುಕಿದ ಚಳಿಗಾಲ

ಡಿಸೆಂಬರ್‌ನ ಮೊದಲ ಸೋಮವಾರ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: ಪೇರಲ, ಹಸಿ ಇರುವ ಕೊಂಬೆ ಆರು. ಹಿಂದಿನ ವಾರ ಹನ್ನೊಂದಿದ್ದವು.

ಬೆಟಗೇರಿಯ ನಮ್ಮ ಹಿತ್ತಲಲ್ಲಿ ಆ ಗಿಡವನ್ನು ಬೆಳೆಸಿದವಳು ನನ್ನ ಅಕ್ಕ. ತಿಂದ ಹಣ್ಣಿನ ಬೀಜವನ್ನು ಬಚ್ಚಲ ನೀರು ಹರಿಯುವ ಕಡೆ ಹೂತು, ಮೊಳಕೆ ಬಂದ ದಿನ ಓಣಿಗೆಲ್ಲ ಹೇಳಿ ಬಂದಿದ್ದಳಂತೆ. ಅದು ಮೊದಲ ಸಲ ಕಾಯಿ ಬಿಟ್ಟ ವರ್ಷವೇ ಅವಳು ಜ್ವರದಲ್ಲಿ ಹೋದಳು. ಅಂದಿನಿಂದ ಅವ್ವ ಪ್ರತಿ ವರ್ಷದ ಮೊದಲ ಹಣ್ಣನ್ನು ಅಕ್ಕನ ತಾಟಿನಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ನನಗರ್ಧ ಕೊಟ್ಟು ತಾನರ್ಧ ತಿನ್ನುತ್ತಾಳೆ.

ಗಿಡಕ್ಕೆ ಸೊರಗು ರೋಗ ಹತ್ತಿತ್ತು. ಎಲೆ ಹಳದಿಯಾಗಿ, ಒಂದೊಂದೇ ಕೊಂಬೆ ಒಣಗುತ್ತ ಬಂತು. ಔಷಧಿ ಹಾಕಿದರೂ ನಿಲ್ಲಲಿಲ್ಲ. ಬೀಜ ಬಿತ್ತಿದರೆ ಅದೇ ಹಣ್ಣು ಬರುತ್ತದೆಂಬ ಖಾತ್ರಿಯಿಲ್ಲ. ಉಳಿದದ್ದು ಕಸಿ ಒಂದೇ. ಬೀಜದಿಂದ ಎದ್ದ, ಪೆನ್ಸಿಲ್ ದಪ್ಪದ ಬೇರೊಂದು ಪೇರಲ ಸಸಿಯ ತಲೆ ಕತ್ತರಿಸಿ, ಸೀಳಿ, ನಮ್ಮ ಗಿಡದ ಹಸಿ ಕಡ್ಡಿಯನ್ನು ಅದರೊಳಗೆ ಕೂರಿಸಿ ಕಟ್ಟಬೇಕು. ಕಡ್ಡಿ ನಮ್ಮಲ್ಲಿತ್ತು, ಬೇರು ಕೊಡುವ ಸಸಿ ಇರಲಿಲ್ಲ.

ಗದಗಿನ ನರ್ಸರಿಗಳಲ್ಲಿ ಕಸಿಯಾದ ಗಿಡಗಳೇ ಇದ್ದವು. ಶಿರಹಟ್ಟಿಯಲ್ಲಿ ಬೀಜದ ಸಸಿ ಕಂಡವು, ಆದರೆ ಕಸಬರಿಗೆ ಕಡ್ಡಿಗಿಂತ ದಪ್ಪವಿರಲಿಲ್ಲ. ಲಕ್ಷ್ಮೇಶ್ವರದ ನರ್ಸರಿಯವರು ಮೊದಲು ನೋಡಿದ್ದು ನನ್ನ ಹೆಬ್ಬೆರಳಿನ ಪಟ್ಟಿಯನ್ನು. ಬೇವಿನ ಕಡ್ಡಿ ಸೀಳಿ ಅಭ್ಯಾಸ ಮಾಡುವಾಗ ಬ್ಲೇಡು ತಾಗಿತ್ತು.

"ಬೀಜದ ಸಸಿ ತಗೊಂಡು ಏನ್ ಮಾಡ್ತಿ ತಂಗಿ?"

"ಕಸಿ ಕಟ್ಟಾಕ್ರಿ."

"ಕಟ್ಟೋರು ಯಾರು?"

"ನಾನ ರೀ."

"ಬೆರಳಿಗೆ ಕಟ್ಟಿದ್ದು ಮಾತ್ರ ಚಂದ ಕೂತೈತಿ ನೋಡು." ಆಮೇಲೆ ತಾವೇ ಸಮಾಧಾನ ಮಾಡಿದರು: "ಕಸಿ ಗಿಡಾನ ಒಂದು ಒಯ್ಯಿ. ಪೇರಲ ಅಂದ್ರ ಪೇರಲ."

ನಾನು ಬರಿಗೈಯಲ್ಲೇ ಬಸ್ ಹತ್ತಿದೆ. ಮನೆಗೆ ಬಂದು ಎಣಿಸಿದೆ: ಕೊಂಬೆ ನಾಲ್ಕು.

ಮುಂಡರಗಿಯಲ್ಲಿ ಗೊಬ್ಬರದ ಅಂಗಡಿಯವರೊಬ್ಬರು, ಹಿರೇವಡ್ಡಟ್ಟಿಯಲ್ಲಿ ತಮ್ಮ ಸಂಬಂಧಿ ಮುದುಕಿಯ ಹಿತ್ತಲಲ್ಲಿ ಗಿಳಿ ಉದುರಿಸಿದ ಬೀಜಗಳಿಂದ ಪೇರಲ ಸಸಿ ಎದ್ದಿವೆ ಎಂದರು. ನಾನು ಅಲ್ಲಿಗೆ ಮುಟ್ಟಿದಾಗ ಹೊತ್ತು ಮುಳುಗಿ, ಆ ಆಯಿ ದೇವರಿಗೆ ದೀಪ ಹಚ್ಚಿ ಹೊರಗೆ ಬರುತ್ತಿದ್ದರು. ಹಿತ್ತಲಲ್ಲಿ ಆರು ಸಸಿ ಇದ್ದವು, ಬೇಕಾದಷ್ಟೇ ದಪ್ಪ. ನಾನು ಸಲಿಕೆ ಕೇಳಿದೆ.

"ದೀಪ ಹಚ್ಚಿದ ಮ್ಯಾಲ ಗಿಡ ಮುಟ್ಟಬಾರದವಾ. ಮಲಗ್ಯಾವ ಅವು."

"ನಮ್ಮ ಗಿಡ ಸಾಯಾಕ ಹತ್ತೈತ್ರಿ ಆಯಿ."

"ಮುಂಜಾನಿತನಕ ತಡೀತೈತಿ. ಉಂಡು ಇಲ್ಲೇ ಮಲಕ್ಕೋ, ಇಲ್ಲಾಂದ್ರ ನಾಳೆ ಬಾ."

ಮರುದಿನ ಮತ್ತೆ ಹೋದೆ. ನಾಲ್ಕು ಸಸಿ ಅಗೆದು ತೆಗೆದೆ. ಉಳಿದೆರಡು ಬಚ್ಚಲ ಹಾಸುಗಲ್ಲಿನ ಸಂದಿಯಲ್ಲಿದ್ದವು, ಕಲ್ಲು ಅಲುಗಲಿಲ್ಲ. ಅಗೆದವುಗಳ ಬೇರಿನ ಮಣ್ಣು ದಾರಿಯಲ್ಲೇ ಒಡೆದು ಉದುರಿತು. ಮನೆಯಲ್ಲಿ ಹೊಸ ಮಣ್ಣಿನ ಕುಂಡಗಳಲ್ಲಿ ನೆಟ್ಟೆ. ಅವ್ವ ನೆರಳು ಸರಿದಂತೆಲ್ಲ ಕುಂಡ ಸರಿಸುತ್ತ, ಎಲೆಗಳಿಗೆ ನೀರು ಚಿಮುಕಿಸಿದಳು. ವಾರ ತುಂಬುವುದರೊಳಗೆ ನಾಲ್ಕೂ ಒಣಗಿದವು. ನಮ್ಮ ಗಿಡದಲ್ಲಿ ಹಸಿ ಉಳಿದಿದ್ದು ಒಂದೇ ಕೊಂಬೆ.

ಬೇರು ಇಲ್ಲಿಗೆ ಬರದಿದ್ದರೆ ಕಡ್ಡಿಯೇ ಅಲ್ಲಿಗೆ ಹೋಗಬೇಕು. ಅವ್ವನಿಗೆ ಹೇಳಿದೆ.

"ಮಂದಿ ಹಿತ್ತಲದಾಗ?"

"ಹೂಂ."

"ಮುಂದ ಮನಿಗೆ ತರಾಕ ಬರತೈತೇನು?"

"ಅದು ದೊಡ್ಡದಾದ್ರ ಮತ್ತ ಕಡ್ಡಿ ತರಬಹುದು. ಮೊದಲ ಹಿಡೀಬೇಕಲ್ಲ."

ಅವ್ವ ಮಗ್ಗಕ್ಕೆ ಹೋಗಿ ಕೂತಳು. ಬಹಳ ಹೊತ್ತು ಮಗ್ಗದ ಸಪ್ಪಳ ಕೇಳಲೇ ಇಲ್ಲ. ಮರುದಿನ ನಾನು ಏಳುವಷ್ಟರಲ್ಲಿ ಕಡ್ಡಿಗಳನ್ನು ತಾನೇ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆ ಬದಲಿಸಿ ನಿಂತಿದ್ದಳು. ಬಸ್ಸಿನಲ್ಲಿ ಆ ಗಂಟನ್ನು ನನಗೆ ಹಿಡಿಯಲು ಕೊಡಲಿಲ್ಲ.

ಆಯಿಯ ಹಿತ್ತಲಲ್ಲಿ ಉಳಿದಿದ್ದ ಎರಡೂ ಸಸಿಗಳನ್ನು ನಾನು ಸೀಳಿದೆ, ಕಡ್ಡಿ ಕೂರಿಸಿದೆ. ಕಟ್ಟುವ ಪಟ್ಟಿ ನನ್ನ ಕೈಯಲ್ಲಿ ಎರಡು ಸಲ ಜಾರಿತು. ಅವ್ವ ಪಟ್ಟಿ ಕಸಿದುಕೊಂಡು, ಹರಿದ ಎಳೆಗೆ ಗಂಟು ಹಾಕುವ ಬೆರಳುಗಳಿಂದ ಎರಡನ್ನೂ ಬಿಗಿದಳು. ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದೆವು.

"ಹಣ್ಣು ಬಿಟ್ಟರ ಯಾರವು?" ಎಂದು ಆಯಿ ಕೇಳಿದರು.

"ಗಿಡ ನಿಮ್ಮದರಿ," ಅವ್ವ ಅಂದಳು. "ವರ್ಷಕ್ಕ ಮೊದಲನೇ ಹಣ್ಣು ಒಂದು ನಮಗ ಕೊಡ್ರಿ."

"ಒಂದ್ಯಾಕ, ಬುಟ್ಟಿ ತುಂಬ ಒಯ್ಯಿ. ಗಿಳಿ ಬಿಟ್ಟರ."

ಜನವರಿ ಮುಗಿಯುವ ಹೊತ್ತಿಗೆ ಡೈರಿಯ ಆ ಸಾಲು ಹೀಗಾಯಿತು: ಪೇರಲ, ಹಸಿ ಕೊಂಬೆ ಇಲ್ಲ. ಅದೇ ವಾರ ಇಬ್ಬರೂ ಹಿರೇವಡ್ಡಟ್ಟಿಗೆ ಹೋದೆವು. ಒಂದು ಕಡ್ಡಿ ಕರ್ರಗೆ ಸತ್ತಿತ್ತು. ಇನ್ನೊಂದರಲ್ಲಿ, ಕೊಳವೆಯೊಳಗಿನ ನೀರ ಹನಿಗಳ ಹಿಂದೆ, ಅಕ್ಕಿಕಾಳಿನಷ್ಟು ಹಸಿರು ಉಬ್ಬಿತ್ತು. ಹಿಡಿದಿದೆಯೋ, ಕಡ್ಡಿಯ ಕೊನೆಯ ಜೀವವೋ, ನನಗೆ ಹೇಳಲಾಗಲಿಲ್ಲ. ಅವ್ವ ಒದ್ದೆ ಹಾಸುಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಸಸಿಯ ಬುಡಕ್ಕೆ ಕೈ ಸುತ್ತಿದವಳು ಅಲುಗಲಿಲ್ಲ. ಬಸ್ಸಿನ ಹೊತ್ತಾಗಿದೆ ಎಂದು ನಾನು ಎರಡು ಸಲ ಹೇಳಿದೆ.

ಒಳಗೆ ಬೆಂಕಿಕಡ್ಡಿ ಗೀರಿದ ಸಪ್ಪಳವಾಯಿತು.

"ದೀಪ ಹಚ್ಚೇನವಾ," ಆಯಿ ಒಳಗಿನಿಂದಲೇ ಅಂದರು.

ಅವ್ವ ಕೈ ತೆಗೆದಳು.