ಒಕ್ಕಲಿನವನ ಜಗಲಿಯ ಊಟ

ಗೇಣಿ ಒಕ್ಕಲಿನ ಮನೆಯಲ್ಲಿ ನಮ್ಮ ಜಾತಿಯವರು ಎಳನೀರು ಬಿಟ್ಟು ಬೇರೇನನ್ನೂ ಮುಟ್ಟದ ಕಾಲವದು. ನನ್ನ ಮೊದಲ ಚುನಾವಣೆಯ ಪ್ರಚಾರದಲ್ಲಿ ನಾನು ಹಟ ಹಿಡಿದು ನಮ್ಮ ಒಕ್ಕಲಿನವನ ಜಗಲಿಯಲ್ಲಿ ಕೂತು ಉಂಡೆ. ಸಂಜೆ ಬೆಳ್ಳಾರೆಯ ಸಭೆಯಲ್ಲಿ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನ ಹೆಂಡತಿ ಮಾಡಿದ ಸಿಹಿಖಾರದ ಗೊಜ್ಜು, ಅನಾನಸು ಮೆಣಸ್ಕಾಯಿಯನ್ನು ಹೊಗಳಿ, ಜಾತಿಗೆ ಇವತ್ತು ಎಳ್ಳುನೀರು ಬಿಟ್ಟೆ ಎಂದು ಗುಡುಗಿದೆ. ಅವನು ತಲೆ ತಗ್ಗಿಸಿದ್ದ. ವಿನಯ ಎಂದುಕೊಂಡೆ.

ಮನೆಗೆ ಬಂದರೆ ಅಮ್ಮ ಕೇಳಿದರು: "ಮೆಣಸ್ಕಾಯಿಗೆ ಬೆಲ್ಲ ಜಾಸ್ತಿ ಆಗಿತ್ತಾ ಮಗಾ? ಅನ್ನದಿಂದ ಹಿಡಿದು ಎಲ್ಲ ಬೆಳಿಗ್ಗೆ ಗಡಿಬಿಡಿಯಲ್ಲಿ ನಾನೇ ಮಾಡಿ ಅವರಲ್ಲಿಗೆ ಕಳಿಸಿದ್ದು. ಇಲ್ಲದಿದ್ದರೆ ನಿನ್ನ ಜಾತಿ ಎಂತ ಆಗುದು?"

ಹುಟ್ಟಿದಂದಿನಿಂದ ಉಂಡ ಕೈರುಚಿ ನನ್ನ ಮಾನಗೆಟ್ಟ ನಾಲಗೆಗೆ ತಿಳಿದಿರಲಿಲ್ಲ. ಅನ್ನ ಬಾಯಲ್ಲಿದ್ದಾಗಲೇ ಅದು ಭಾಷಣ ಕಟ್ಟುತ್ತಿತ್ತು.