ಅಟ್ಟ ಇಳಿಯುವಷ್ಟರಲ್ಲಿ

ಇವತ್ತು ತವರಿನಿಂದ ಬೆಂಗಳೂರಿಗೆ ಹೊರಡಲು ಬಟ್ಟೆ ಮಡಚುತ್ತಿದ್ದಾಗ ಅಟ್ಟದ ಕೊಬ್ಬರಿ ವಾಸನೆ ಮೂಗಿಗೆ ಬಡಿಯಿತು. ನನಗದು ಇನ್ನೂ ಆಗುವುದಿಲ್ಲ.

ಆಗ ನಾನು ಎರಡನೇ ಕ್ಲಾಸು. ಅಪ್ಪ ನನಗೂ ಅಣ್ಣನಿಗೂ ವಿಧಾನಸೌಧ ತೋರಿಸುತ್ತೇನೆಂದಿದ್ದಕ್ಕೆ ಹೂವಿನ ಲಂಗ ಚೀಲಕ್ಕೆ ತುಂಬಿಕೊಂಡು ಕಾದಿದ್ದೆ. ಹೊರಡುವ ಬೆಳಿಗ್ಗೆ ಅಪ್ಪ, "ಚಿಕ್ಕಮ್ಮನ ಮನೆಗೆ ಬರಿಗೈಲಿ ಹೋಗಕ್ಕಾಯ್ತದಾ? ಅಟ್ಟ ಹತ್ತಿ ಒಳ್ಳೆ ಕೊಬ್ಬರಿ ಆರ್ಸವ್ವ" ಎಂದರು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಅಂದದ್ದನ್ನಷ್ಟೇ ಮಡಿಲಿಗೆ ಹಾಕಿಕೊಂಡೆ.

ಇಳಿದು ಬಂದರೆ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ನನ್ನ ಚೀಲ ಮಾತ್ರ ಏಣಿಯ ಬುಡದಲ್ಲಿತ್ತು.

"ಬಸ್ಸು ಹೋಯ್ತು ಕಣೇ. ಕೊಬ್ಬರಿ ನೆನ್ನೆನೇ ಕಟ್ಟಿಟ್ಟಿದ್ರು" ಎಂದಳು ಅವ್ವ, ನನ್ನ ಮುಖ ನೋಡದೆ.

ಈಗ ಅಪ್ಪ ಬಾಗಿಲಲ್ಲಿ ನಿಂತು, "ಅಟ್ಟದಾಗೆ ಕೊಬ್ಬರಿ ಐತೆ, ಆರಿಸ್ಕೊಂಡು ಹೋಗವ್ವ" ಎಂದರು.

ನನ್ನ ಕಾರು ಅಂಗಳದಲ್ಲೇ ಇತ್ತು.

"ಬೇಡಪ್ಪ, ಅಷ್ಟರಲ್ಲಿ ಬಸ್ಸು ಹೋಯ್ತದೆ" ಎಂದೆ.